ಹೊಂದಿಸುವುದು

ಸಿದ್ಧ ಗಣಕಯಂತ್ರವನ್ನು ಕೊಳ್ಳುವವನು ಬೆಲೆಯನ್ನು ವಿಚಾರಿಸಿದರೆ ಸಾಕು; ಬಿಡಿಭಾಗಗಳನ್ನು ಆರಿಸಿ ಕಟ್ಟಿಸಿಕೊಳ್ಳುವವನು ಅವುಗಳ ಸಂಬಂಧವನ್ನೂ ವಿಚಾರಿಸಬೇಕಾಗುತ್ತದೆ. ಮರಾಠಿಯಲ್ಲಿ ಈ ಕೆಲಸಕ್ಕೆ ‘ಜುಳಣೀ’ ಎಂಬ ಮಾತಿದೆ. ‘ಜುಳಣೇ’ ಎಂದರೆ ಒಂದಕ್ಕೊಂದು ಸರಿಹೊಂದುವುದು. ಕನ್ನಡದ ‘ಹೊಂದಿಸು’ ಎಂಬ ಕ್ರಿಯಾಪದವೂ ಇದೇ ಅರ್ಥದ್ದು. ಆದರೆ ಅದಕ್ಕೆ ಇನ್ನೊಂದು ಅರ್ಥವೂ ಉಂಟು.

ಸೊಲ್ಲಾಪುರದ ಕನ್ನಡ ಮನೆಯೊಂದರ ಪದವಿ ವಿದ್ಯಾರ್ಥಿ 2023ರ ದೀಪಾವಳಿಯ ಹೊತ್ತಿಗೆ ಆಟದ ಗಣಕಯಂತ್ರವೊಂದನ್ನು ಕಟ್ಟಿಸಿಕೊಳ್ಳಲು ಹೊರಟ. ತಂದೆ ಟವೆಲ್ ಕಾರ್ಖಾನೆಯಲ್ಲಿ ಯಂತ್ರಮಗ್ಗ ನಡೆಸುವವರು. ತಾಯಿ ಭಿಶಿಯಲ್ಲಿ ಕಟ್ಟಿದ ಹಣ, ತಂದೆಯ ಬೋನಸ್, ರಜೆಯಲ್ಲಿ ಮಗ ದುಡಿದದ್ದು, ಎಲ್ಲ ಕೂಡಿ 75,000 ರೂಪಾಯಿ. ಅದೇ ಯಂತ್ರದಲ್ಲಿ ವಿಡಿಯೊ ಸಂಕಲನ ಕಲಿತು ಮದುವೆಯ ಕಾಲದಲ್ಲಿ ದುಡಿಯುವೆನೆಂದು ಅವನು ಮಾತು ಕೊಟ್ಟಿದ್ದ. ಒಂದು ಭಾಗ ಸುಟ್ಟರೆ ಮತ್ತೊಂದನ್ನು ತರುವ ಶಕ್ತಿ ಆ ಮನೆಗಿರಲಿಲ್ಲ.

ಅವನ ಮೊದಲ ಪಟ್ಟಿ ಕಣ್ಣಿನ ಪಟ್ಟಿಯಾಗಿತ್ತು. ಹಣದ ಬಹುಪಾಲು ಗ್ರಾಫಿಕ್ಸ್ ಕಾರ್ಡಿಗೆ. ಉಳಿದುದರಲ್ಲಿ ಗಾಜಿನ ಕ್ಯಾಬಿನೆಟ್ಟು, ಬಣ್ಣದ ದೀಪಗಳ ಫ್ಯಾನುಗಳು. ವಿದ್ಯುತ್ತನ್ನು ಹಂಚುವ ಎಸ್‌ಎಂಪಿಎಸ್‌ಗೆ ಉಳಿದದ್ದು 1,200 ರೂಪಾಯಿ. ಗಣಕಯಂತ್ರವನ್ನು ಎಂದೂ ಮುಟ್ಟದ ತಂದೆ ಆ ಚೀಟಿಯನ್ನು ನೋಡಿ ಕೇಳಿದರು: “ಇದರಾಗ ಎಲ್ಲಾದಕ್ಕೂ ಕರೆಂಟ್ ಕೊಡೋದು ಯಾವುದಪಾ?” ಮಗ ತೋರಿಸಿದ. “ಎಲ್ಲಾಕಿಂತ ಕಡಿಮಿ ರೊಕ್ಕ ಅದಕ್ಕ ಇಟ್ಟೀಯಲ್ಲೋ! ಮೋಟರ್ ಕೈಕೊಟ್ಟರ ಮಗ್ಗ ಎಷ್ಟು ಭಾರೀದಿದ್ದು ಏನು ಮಾಡೂದು?”

ಪಟ್ಟಿ ಹೊಸದಾಯಿತು. ರೈಜನ್ 5 5600 ಪ್ರೊಸೆಸರ್. ಅದು ಕೂರುವ ಎಎಂ4 ಸಾಕೆಟ್ಟಿನ ಮದರ್‌ಬೋರ್ಡ್. ಆ ಬೋರ್ಡು ಒಪ್ಪುವ ಡಿಡಿಆರ್4 ರ‍್ಯಾಮ್. ಇದಕ್ಕಿಂತ ಹೊಸದಾದ ಡಿಡಿಆರ್5 ಅದರಲ್ಲಿ ಕೂರುವುದೇ ಇಲ್ಲ. ಹೊಸದೆಂಬುದು ಇಲ್ಲಿ ಗುಣವಲ್ಲ. 16 ಜಿಬಿಯ ಒಂದೇ ರ‍್ಯಾಮ್ ಪಟ್ಟಿಗೆ ಬದಲು 8 ಜಿಬಿಯ ಎರಡು. ಜೋಡಿಯಾದಾಗ ಮಾಹಿತಿ ಎರಡು ಹಾದಿಯಲ್ಲಿ ಹರಿಯುತ್ತದೆ. ಕಾರ್ಡು 170 ವ್ಯಾಟ್ ಬೇಡುವ ಆರ್‌ಟಿಎಕ್ಸ್ 3060; ಅದಕ್ಕೆ ತಯಾರಕರೇ ಸೂಚಿಸುವಂತೆ 550 ವ್ಯಾಟ್‌ನ, ನಂಬಿಕೆಯ ಎಸ್‌ಎಂಪಿಎಸ್. ಕಳಪೆ ಎಸ್‌ಎಂಪಿಎಸ್ ತಾನೊಂದೇ ಸುಡದೆ ನೆರೆಯವರನ್ನೂ ಸುಡಬಲ್ಲುದು. ಗಾಜಿನ ಮುಖದ ಕ್ಯಾಬಿನೆಟ್ಟಿನ ಸ್ಥಾನಕ್ಕೆ ಜಾಲರಿ ಮುಖದ ಸಾದಾ ಕ್ಯಾಬಿನೆಟ್ಟು ಬಂತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಯಂತ್ರಕ್ಕೆ ಗಾಳಿ ಬೇಕು, ಮೆರುಗಲ್ಲ. ಅಲ್ಲಿ ಉಳಿದ ಹಣ ಪರದೆಗೆ ಹೋಯಿತು. ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸುವ ಪರದೆಯ ಮುಂದೆ 120 ಚಿತ್ರ ರಚಿಸುವ ಕಾರ್ಡಿನ ಅರ್ಧ ಶ್ರಮ ಕಾಣದೆಯೇ ಹೋಗುತ್ತದೆ.

ಕಾವ್ಯಮೀಮಾಂಸೆಯನ್ನು ಓದುವವರಿಗೆ ಈ ವಿವೇಕ ಅಪರಿಚಿತವಲ್ಲ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಇದನ್ನು ಔಚಿತ್ಯವೆಂದ. ಸೊಂಟದ ಡಾಬನ್ನು ಕೊರಳಿಗೆ ಹಾಕಿಕೊಂಡರೆ ಚಿನ್ನ ಎಷ್ಟೇ ಅಪ್ಪಟವಾಗಿದ್ದರೂ ನಗೆಪಾಟಲೇ. ಬೆಲೆ ವಸ್ತುವಿನಲ್ಲಿರಬಹುದು; ಚೆಲುವು ಮಾತ್ರ ಸ್ಥಾನದಲ್ಲಿರುತ್ತದೆ. ಪರೀಕ್ಷೆಗೆಂದು ಉರುಹೊಡೆಯುವ ಈ ಲಕ್ಷಣ ಮಗ್ಗದ ಮುಂದೆ ನಿಂತವರಿಗೆ ಗ್ರಂಥವಿಲ್ಲದೆ ಬಂದಿರುತ್ತದೆ. ಕವಿತೆಯಲ್ಲಿಯೂ ಮೆರೆಯುವ ಉಪಮೆಯನ್ನು ಎಲ್ಲರೂ ಗುರುತಿಸುತ್ತಾರೆ; ಅದನ್ನು ಹೊತ್ತು ನಿಂತ ಸಾದಾ ಕ್ರಿಯಾಪದವನ್ನು ಗುರುತಿಸುವವನೇ ಓದುಗ.

ಉಳಿದದ್ದು ‘ಹೊಂದಿಸು’ ಎಂಬುದರ ಇನ್ನೊಂದು ಅರ್ಥ. ಇಲ್ಲದ ಹಣವನ್ನು ಅಲ್ಲಿಷ್ಟು ಇಲ್ಲಿಷ್ಟು ಕೂಡಿಸುವುದಕ್ಕೂ ಕನ್ನಡ ಇದೇ ಮಾತನ್ನು ಬಳಸುತ್ತದೆ. ಆ ಅರ್ಥ ತಾಯಿಯ ಪಾಲಿನದು. ತಿಂಗಳು ತಿಂಗಳು ಆಕೆ ಹೊಂದಿಸಿದ್ದನ್ನು ಮಗ ಒಂದು ಕರಿಯ ಪೆಟ್ಟಿಗೆಯೊಳಗೆ ಹೊಂದಿಸಬೇಕಾಗಿತ್ತು. ಮೊದಲನೆಯದನ್ನು ನೆನೆಯದವನಿಗೆ ಎರಡನೆಯದು ಕೂಡಿಬರುವುದು ಕಷ್ಟ.