ಚಂದ್ರವಳ್ಳಿಗೆ ಬಂದ ರೋಮಿನ ಪಗಾರ

ಚಿತ್ರದುರ್ಗ

ತೀರ್ಥರೂಪ ಕಾಕಾ ಅವರಿಗೆ,

  

ಕೋಟೆ ನೋಡಲು ಬಂದವನು ಚಂದ್ರವಳ್ಳಿಯಲ್ಲೇ ನಿಂತುಬಿಟ್ಟೆ. ಗುಡ್ಡಗಳ ನಡುವೆ ಕೆರೆ. ಭೈರವೇಶ್ವರ ಗುಡಿಯ ಹತ್ತಿರ ಬಂಡೆಯ ಮೇಲೆ ನಮ್ಮ ಬನವಾಸಿ ಕದಂಬರ ಮಯೂರಶರ್ಮನ ಶಾಸನ. ಅವನಿಗಿಂತ ಹಿಂದೆಯೇ ಇದು ವ್ಯಾಪಾರದ ಊರು. 1929ರಲ್ಲಿ ಎಂ. ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ಮಾಡಿದರು. ಶಾತವಾಹನರ ಕಾಲದ ಸೀಸದ ನಾಣ್ಯಗಳಿದ್ದ ಈ ನೆಲದಲ್ಲೇ ಆಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ದಿನಾರಿಯಸ್‌ಗಳೂ ಸಿಕ್ಕವು.

ದಿನಾರಿಯಸ್ ಅಂದರೆ ರೋಮಿನ ಸಿಪಾಯಿಯ ಪಗಾರದ ರೊಕ್ಕ. ಆಗಸ್ಟಸ್‌ನ ಕಾಲದಲ್ಲಿ ಕಾಲಾಳಿಗೆ ವರ್ಷಕ್ಕೆ 225, ಅದೂ ಮೂರು ಕಂತಿನಲ್ಲಿ. ಊಟ, ಬಟ್ಟೆಯ ಖರ್ಚು ಅದರಲ್ಲೇ ಮುರಿದುಕೊಳ್ಳುತ್ತಿದ್ದರು.

ಕಲಘಟಗಿಯಲ್ಲಿ ತೊಟ್ಟಿಲ ಮೇಲೆ ಚಿತ್ರ ಬರೆಯುವ ನಿಮಗೆ ಹಿಡಿಸುವ ಸಂಗತಿ ಮುಂದಿದೆ. ನಮ್ಮ ದೇಶದಲ್ಲಿ ಹೆಚ್ಚು ಸಿಕ್ಕಿರುವ ಆಗಸ್ಟಸ್ ನಾಣ್ಯದ ಒಂದು ಬದಿಗೆ ಇಬ್ಬರು ಹುಡುಗರು, ನಡುವೆ ಗುರಾಣಿ, ಈಟಿ. ಅವರು ಗೈಯಸ್ ಮತ್ತು ಲೂಸಿಯಸ್, ಆಗಸ್ಟಸ್‌ನ ಮಗಳ ಮಕ್ಕಳು. ಅಜ್ಜನೇ ದತ್ತು ತೆಗೆದುಕೊಂಡಿದ್ದ. ‘ನಾಳೆ ನಿಮ್ಮ ಒಡೆಯರು ಇವರೇ’ ಎಂದು ದಂಡಿಗೆಲ್ಲ ತಿಳಿಸಲು ಪಗಾರದ ರೊಕ್ಕಕ್ಕಿಂತ ಒಳ್ಳೆಯ ದಾರಿ ಇನ್ನೇನಿತ್ತು? ಆದರೆ ಕ್ರಿ.ಶ. 2ರಲ್ಲಿ ಲೂಸಿಯಸ್, 4ರಲ್ಲಿ ಗೈಯಸ್ ತೀರಿಕೊಂಡರು. ಪಟ್ಟ ಟೈಬೀರಿಯಸ್‌ಗೆ ಹೋಯಿತು.

ಹುಡುಗರು ಸತ್ತರೂ ಅವರ ರೊಕ್ಕದ ಬೆಲೆ ಇಲ್ಲಿ ಇಳಿಯಲಿಲ್ಲ. ಮೆಣಸು ಕೊಳ್ಳಲು ಹಡಗಿನಲ್ಲಿ ಬಂದ ಬೆಳ್ಳಿ ಅದು. ರೋಮಿನ ಸಂಪತ್ತು ಭಾರತಕ್ಕೆ ಸೋರಿಹೋಗುತ್ತಿದೆ ಎಂದು ಅಲ್ಲಿನ ಲೇಖಕ ಪ್ಲೀನಿ ಗೊಣಗಿದ್ದೂ ಇದಕ್ಕೇ. ನಮ್ಮ ವ್ಯಾಪಾರಿಗೆ ಪಟ್ಟದ ಚಿಂತೆ ಯಾಕೆ? ತೂಕ ಸರಿ ಇರಬೇಕು, ಬೆಳ್ಳಿ ಚೊಕ್ಕ ಇರಬೇಕು, ಅಷ್ಟೇ. ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿ ದಿನಾರಿಯಸ್‌ನ ತೂಕ ಇಳಿಸಿ, ತಾಮ್ರದ ಬೆರಕೆ ಹೆಚ್ಚಿಸಿದ. ಇಲ್ಲಿ ಸಿಗುವ ಬೆಳ್ಳಿ ನಾಣ್ಯಗಳಲ್ಲಿ ಅದಕ್ಕೂ ಹಿಂದಿನವೇ ಹೆಚ್ಚು. 1891ರಲ್ಲಿ ಯಶವಂತಪುರದಲ್ಲಿ ಸಿಕ್ಕ ನಿಧಿಯೂ ಆ ಹಳೆಯ ಬೆಳ್ಳಿಯದೇ. ಅರಸನ ಮುಖ ನೋಡಿ ಸಿಪಾಯಿ ನಂಬಿದ, ತಕ್ಕಡಿ ನೋಡಿ ನಮ್ಮವರು ನಂಬಿದರು. ಮೋಸಹೋಗದವರು ನಮ್ಮವರೇ ಅನಿಸುತ್ತದೆ.

ನಾಳೆ ಬ್ರಹ್ಮಗಿರಿಗೆ ಹೋಗಿ, ಅಲ್ಲಿಂದ ಹುಬ್ಬಳ್ಳಿ ಬಸ್ಸು ಹಿಡಿಯುತ್ತೇನೆ. ಆ ಇಬ್ಬರು ಹುಡುಗರ ಚಿತ್ರವನ್ನು ಕಾಗದದ ಮೇಲೆ ಬರೆದುಕೊಂಡಿದ್ದೇನೆ. ಕೈ ಸರಿಯಾಗಿ ಬಂದಿಲ್ಲ, ನೀವು ತಿದ್ದಬೇಕು.

ಇಂತಿ ನಿಮ್ಮ ಆಶೀರ್ವಾದ ಬೇಡುವ,
ಅಣ್ಣನ ಮಗ