ಹೆಸರು ಬದಲಿಸಿ ಆಡಿದ ಹುಡುಗಿ

ಹಾಜರಿ ಕರೆಯುವಾಗ ಹೆಸರಿನ ಒಂದಕ್ಷರ ತಪ್ಪಿದರೂ ನಮ್ಮ ಮಕ್ಕಳು ಒಪ್ಪುವುದಿಲ್ಲ. ಅದಕ್ಕೇ ಇರಬೇಕು, ಸ್ವೀಡನ್ನಿನ ಪಿಯಾ ಸುಂಡ್‌ಹಾಗೆಯವರ ಬಾಲ್ಯದ ಸಂಗತಿ ನಮ್ಮ ಮನಸ್ಸಿನಲ್ಲಿ ನಿಂತುಬಿಟ್ಟಿದೆ. 1960ರಲ್ಲಿ ಹುಟ್ಟಿದ ಆ ಹುಡುಗಿಗೆ ಕಾಲ್ಚೆಂಡಾಟವೆಂದರೆ ಪ್ರಾಣ. ಆದರೆ ಹುಡುಗರ ತಂಡದಲ್ಲಿ ಹುಡುಗಿಗೆ ಎಡೆಯಿರಲಿಲ್ಲ. ತರಬೇತುದಾರರೇ ಉಪಾಯ ಹೂಡಿ 'ಪೆಲ್ಲೆ' ಎಂಬ ಗಂಡು ಹೆಸರಿನಲ್ಲಿ ಆಕೆಯನ್ನು ಆಡಿಸಿದರು. ಅವರ ಮೇಲೆ ನಮಗೆ ಸಿಟ್ಟಿಲ್ಲ. ಆಟಕ್ಕೆ ಬಾಗಿಲು ತೆರೆದವರು ಅವರೇ. ಆದರೂ ಆ ಮಗು ಗೋಲು ಹೊಡೆದಾಗ ಮೆಚ್ಚುಗೆ ಸಂದದ್ದು ಯಾವ ಹೆಸರಿಗೆ?

1984ರಲ್ಲಿ ಯುರೋಪಿನ ಮಹಿಳಾ ಪಂದ್ಯಾವಳಿಯ ಅಂತಿಮ ಪಂದ್ಯ ಇಂಗ್ಲೆಂಡಿನ ಲೂಟನ್ನಿನಲ್ಲಿ ನಡೆಯಿತು. ಮಳೆಯಿಂದ ಮೈದಾನ ನಮ್ಮ ಕಂಬಳದ ಗದ್ದೆಯಂತಾಗಿತ್ತು. ಪೆನಾಲ್ಟಿಯಲ್ಲಿ ಸ್ವೀಡನ್ನಿಗೆ ಪಟ್ಟ ಗಳಿಸಿಕೊಟ್ಟ ಒದೆತ ಪಿಯಾ ಅವರದು. ದೇಶಕ್ಕಾಗಿ ಆಡಿದ್ದು 146 ಪಂದ್ಯ, ಹೊಡೆದದ್ದು 71 ಗೋಲು.

ಬಳಿಕ ಅವರು ಅಮೆರಿಕದ ತರಬೇತುದಾರರಾದರು. ಮೊದಲ ಸಭೆಯಲ್ಲೇ ಭಾಷಣದ ಬದಲು ಬಾಬ್ ಡಿಲನ್ನರ ಹಾಡು ಹಾಡಿದರಂತೆ! ಉಪಾಧ್ಯಾಯರಾದ ನಮಗೆ ಈ ಧೈರ್ಯವಿಲ್ಲ. ಆ ತಂಡ 2008 ಮತ್ತು 2012ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದಿತು. 2016ರಲ್ಲಿ ಸ್ವೀಡನ್ನಿನ ತರಬೇತುದಾರರಾಗಿ ರಿಯೊಗೆ ಬಂದಾಗ ಅದೇ ಅಮೆರಿಕ ಎದುರಾಯಿತು. ಮತ್ತೆ ಪೆನಾಲ್ಟಿ, ಗೆದ್ದದ್ದು ಸ್ವೀಡನ್. ಅಂತಿಮ ಪಂದ್ಯದಲ್ಲಿ ಜರ್ಮನಿಗೆ ಸೋತು, ಬೆಳ್ಳಿಯೊಂದಿಗೆ ಊರಿಗೆ ಮರಳಿದರು.