ಕಿರುತೆರೆಯ ಕಾಲಜ್ಞಾನ



ಮಠದ ಮಾಸಪತ್ರಿಕೆಯಲ್ಲಿ ಇಂಗ್ಲೆಂಡಿನ ಒಂದು ದೂರದರ್ಶನ ಧಾರಾವಾಹಿಯ ಮಾತೇಕೆ ಎಂದು ತಾವು ಹುಬ್ಬೇರಿಸಬಹುದು. ಹುಬ್ಬನ್ನು ಇಳಿಸಿ ಎರಡು ಪುಟ ನಮ್ಮೊಡನೆ ಬರಬೇಕೆಂದು ಬಿನ್ನಹ. ನಾವು ಹೇಳಹೊರಟಿರುವುದು ಆ ಧಾರಾವಾಹಿಯ ಗುಣದೋಷಗಳನ್ನಲ್ಲ. ಅದನ್ನು ನೋಡಿದವರು ಆಡಿದ ಮಾತುಗಳನ್ನು. ಆ ಮಾತುಗಳಲ್ಲಿ ಕೆಲವು ನಮ್ಮ ಹುತ್ರಿದುರ್ಗದ ತಪ್ಪಲಿನಲ್ಲಿಯೇ ಹುಟ್ಟಿದವು.

ಧಾರಾವಾಹಿಯ ಹೆಸರು ‘ಇಯರ್ಸ್ ಅಂಡ್ ಇಯರ್ಸ್’. ರಸೆಲ್ ಟಿ. ಡೇವಿಸ್ ಎಂಬ ಲೇಖಕರು ಬರೆದದ್ದು. 2019ರ ಮೇ ತಿಂಗಳಲ್ಲಿ ಬಿ.ಬಿ.ಸಿ.ಯಲ್ಲಿ ಆರಂಭವಾಗಿ ಆರು ಕಂತುಗಳಲ್ಲಿ ಮುಗಿಯಿತು. ಮ್ಯಾಂಚೆಸ್ಟರಿನ ಲಯನ್ಸ್ ಎಂಬ ಮನೆತನದ ಕಥೆ ಅದು. ಮ್ಯೂರಿಯಲ್ ಎಂಬ ವೃದ್ಧೆ, ಆಕೆಯ ನಾಲ್ವರು ಮೊಮ್ಮಕ್ಕಳು, ಅವರ ಮಕ್ಕಳು. ಕಥೆ ಪ್ರಸಾರವಾದ ವರ್ಷದಲ್ಲಿಯೇ ಮೊದಲಾಗಿ, ಇನ್ನೂ ಬಾರದ ವರ್ಷಗಳೊಳಗೆ ನಡೆದು, 2034ರವರೆಗೆ ಹೋಗುತ್ತದೆ. ಆ ಅವಧಿಯಲ್ಲಿ ಬ್ಯಾಂಕುಗಳು ಮುಳುಗುತ್ತವೆ, ಯುದ್ಧದಿಂದ ಜನ ನಿರಾಶ್ರಿತರಾಗುತ್ತಾರೆ, ರೋಗ ಹರಡುತ್ತದೆ. ವಿವಿಯನ್ ರೂಕ್ ಎಂಬ ಹೆಣ್ಣುಮಗಳೊಬ್ಬಳು, ಪರದೇಶದ ಗೋಳು ತನಗೆ ಬೇಡ, ತನ್ನ ಬೀದಿಯ ಕಸ ಹೊತ್ತಿಗೆ ಸರಿಯಾಗಿ ಹೋದರೆ ಸಾಕು ಎಂಬಂಥ ಮಾತುಗಳಿಂದ ಜನಪ್ರಿಯಳಾಗಿ ಪ್ರಧಾನಿಯೂ ಆಗುತ್ತಾಳೆ. ದೊಡ್ಡ ಘಟನೆಗಳೆಲ್ಲ ಸುದ್ದಿಯಾಗಿ ಹೊರಗೆ ನಡೆಯುತ್ತವೆ. ನಾವು ನೋಡುವುದು ಮಾತ್ರ ಒಂದು ಮನೆಯ ಹುಟ್ಟುಹಬ್ಬ, ಜಗಳ, ಊಟ, ಸಾವು.

ನಮ್ಮ ಪ್ರಸಾದ ನಿಲಯದಲ್ಲಿ ಓದಿ ಈಗ ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿರುವ ಪೂರ್ವವಿದ್ಯಾರ್ಥಿಯೊಬ್ಬರು 2025ರ ಬೇಸಿಗೆಯಲ್ಲಿ ಊರಿಗೆ ಬಂದವರು ಇದನ್ನು ತಂದರು. ಆರು ಸಂಜೆ, ಶಾಖಾಮಠದ ಪಡಸಾಲೆಯಲ್ಲಿ ಬಿಳಿಯ ಪಂಚೆಯೊಂದನ್ನು ಗೋಡೆಗೆ ಕಟ್ಟಿ ತೋರಿಸಿದರು. ಹುಡುಗರು ಬಂದರು, ನಿವೃತ್ತ ಶಿಕ್ಷಕರೊಬ್ಬರು ಬಂದರು, ಪ್ರಸಾದಕ್ಕೆಂದು ಬಂದ ನಾಲ್ಕಾರು ವೃದ್ಧ ತಾಯಂದಿರು ಗೋಡೆಗೊರಗಿ ಕುಳಿತುಬಿಟ್ಟರು. ಮ್ಯಾಂಚೆಸ್ಟರಿನ ಇಂಗ್ಲಿಷು ಇಂಗ್ಲಿಷು ಬಲ್ಲ ನಮಗೇ ಅರ್ಧ ಅರ್ಥವಾಗುತ್ತಿರಲಿಲ್ಲ. ತಂದವರು ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ವಿವರಿಸುತ್ತಿದ್ದರು; ಅವರ ವಿವರಣೆ ಮೂಲಕ್ಕಿಂತ ಉದ್ದವಾಗುತ್ತಿತ್ತು. ಕೆಲವು ದೃಶ್ಯಗಳನ್ನು ನಮ್ಮ ಮುಖ ನೋಡಿ ತಾವೇ ಮುಂದಕ್ಕೆ ಓಡಿಸಿದರು.

ಹುಡುಗರದು ಮೊದಲಿನಿಂದ ಕೊನೆಯವರೆಗೆ ಒಂದೇ ಕೆಲಸ: ಯಾವುದು ನಿಜವಾಯಿತು, ಯಾವುದು ಆಗಲಿಲ್ಲ ಎಂದು ಬೆರಳೆಣಿಸುವುದು. ಇದು ನಮ್ಮ ಹುಡುಗರದಷ್ಟೇ ರೀತಿಯಲ್ಲ. ಮೊದಲು ಪ್ರಸಾರವಾದಾಗ ಒಂದೇ ಕುಟುಂಬಕ್ಕೆ ಇಷ್ಟೊಂದು ಆಪತ್ತು ಅತಿಯಾಯಿತೆಂದವರು ಆ ದೇಶದಲ್ಲಿದ್ದರು. ಮರುವರ್ಷ, 2020ರಲ್ಲಿ, ಕೊರೋನಾ ಬಂದು ಎಲ್ಲರೂ ಮನೆಯೊಳಗೆ ಕುಳಿತಾಗ ಅನೇಕರು ಇದನ್ನು ನೆನೆದು, ಲೇಖಕನು ಭವಿಷ್ಯ ನುಡಿದಿದ್ದನೆಂದು ಕೊಂಡಾಡಿದರು. ಧಾರಾವಾಹಿಯಲ್ಲಿ ಉಕ್ರೇನನ್ನು ರಷ್ಯಾ ಆವರಿಸಿಕೊಂಡು ಜನ ಓಡಿಬರುತ್ತಾರೆ. 2022ರ ಫೆಬ್ರವರಿಯಲ್ಲಿ ರಷ್ಯಾದ ಸೈನ್ಯ ನಿಜವಾಗಿಯೇ ಉಕ್ರೇನಿನ ಮೇಲೆ ನುಗ್ಗಿತು. ಅಮೆರಿಕದ ಟ್ರಂಪ್ ಎಡೆಬಿಡದೆ ಎರಡು ಅವಧಿ ಆಳಿ, ಕೊನೆಗೆ ಚೀನದ ಕೃತಕ ದ್ವೀಪವೊಂದರ ಮೇಲೆ ಅಣ್ವಸ್ತ್ರ ಎಸೆದನೆಂದು ಕಥೆಯಲ್ಲಿದೆ. ನಿಜದಲ್ಲಿ ಅವರು 2020ರಲ್ಲಿ ಸೋತು 2024ರಲ್ಲಿ ಮತ್ತೆ ಗೆದ್ದರು, ಅಣ್ವಸ್ತ್ರವೇನೂ ಬೀಳಲಿಲ್ಲ. ಹುಡುಗರು ಇದನ್ನು ಅರ್ಧ ಅಂಕವೆಂದು ಹಾಕಿಕೊಂಡರು! ಕಥೆಯ ರೋಗಕ್ಕೆ ಮಂಗನ ಹೆಸರಿದೆ. 2022ರಲ್ಲಿ ಜಗತ್ತಿನ ಸುದ್ದಿಯಾದ ಮಂಕಿಪಾಕ್ಸ್ ಅದೇ ಎಂದು ಒಬ್ಬ ವಾದಿಸಿದ. ಹಾಗಾದರೆ 1957ರಲ್ಲಿಯೇ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನೂ ಲೆಕ್ಕಕ್ಕೆ ಸೇರಿಸಪ್ಪ ಎಂದೆವು. ಅವನಿಗೆ ನಗು ಬರಲಿಲ್ಲ.

ಓದುಗರೆ, ಈ ಎಣಿಕೆ ನಮಗೆ ಹೊಸದಲ್ಲ. ನಮ್ಮ ಸಾಹಿತ್ಯದಲ್ಲಿ ಕಾಲಜ್ಞಾನವೆಂಬ ಒಂದು ಪ್ರಕಾರವೇ ಉಂಟು. ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನ ಬಸವಣ್ಣನವರ ಹೆಸರಿನಲ್ಲಿ ಅಂಥ ವಚನಗಳ ದೊಡ್ಡ ಪರಂಪರೆಯೇ ನಿಂತಿದೆ. ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ ಗೊರವಯ್ಯನು ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿ, ಒಂದೇ ಒಂದು ವಾಕ್ಯ ನುಡಿದು ಕೆಳಕ್ಕುರುಳುತ್ತಾನೆ. ಆ ವಾಕ್ಯ ಅವನ ಬಾಯಿಂದ ಹೊರಬಿದ್ದ ಕ್ಷಣದಿಂದ ಜನರದು. ರೈತನಿಗೆ ಅದು ಮಳೆಬೆಳೆಯ ಮಾತು, ವ್ಯಾಪಾರಿಗೆ ಧಾರಣೆಯ ಮಾತು, ರಾಜಕಾರಣಿಗೆ ಕುರ್ಚಿಯ ಮಾತು. ವರ್ಷ ಕಳೆದ ಮೇಲೆ ಎಲ್ಲರೂ ‘ಹೇಳಿದಂತೆಯೇ ಆಯಿತು’ ಎನ್ನುತ್ತಾರೆ. ಹೇಳಿದ್ದು ಯಾರು, ಕೇಳಿದ್ದು ಯಾರು ಎಂಬುದನ್ನು ಸೂಕ್ಷ್ಮವಾಗಿ ಅವಲೋಕಿಸಿದರೆ, ಕಾರಣಿಕದ ಮುಕ್ಕಾಲು ಪಾಲನ್ನು ಕೇಳುವವನೇ ನುಡಿದಿರುತ್ತಾನೆ. ಇದನ್ನು ಹೀಯಾಳಿಸಲು ಹೇಳುತ್ತಿಲ್ಲ. ಮನುಷ್ಯನು ಮುಂದಿನದನ್ನು ಕೇಳುವಾಗ ತನ್ನ ಮನೆಯ ಬಾಗಿಲಲ್ಲಿ ನಿಂತೇ ಕೇಳುತ್ತಾನೆಂಬುದು ನಮ್ಮ ಅಭಿಪ್ರಾಯ.

ನಿವೃತ್ತ ಶಿಕ್ಷಕರ ವಿಷಯವನ್ನೇ ನೋಡಿ. ಹಿರಿಯ ಮೊಮ್ಮಗ ಸ್ಟೀಫನ್ ಮತ್ತು ಅವನ ಹೆಂಡತಿ ಸೆಲೆಸ್ಟ್ ಲಂಡನ್ನಿನ ಮನೆ ಮಾರಿದ ಹಣವನ್ನು ಬ್ಯಾಂಕಿನಲ್ಲಿಡುತ್ತಾರೆ, ಬ್ಯಾಂಕು ಕುಸಿಯುತ್ತದೆ. ಹತ್ತು ಲಕ್ಷ ಪೌಂಡಿಗೂ ಮಿಕ್ಕಿದ ಹಣದಲ್ಲಿ ಅವರಿಗೆ ವಿಮೆಯ ಭರವಸೆಯಿದ್ದದ್ದು 85 ಸಾವಿರಕ್ಕೆ ಮಾತ್ರ. ಹುಡುಗರು ಈ ಭಾಗದಲ್ಲಿ ಆಕಳಿಸುತ್ತಿದ್ದರು. ಶಿಕ್ಷಕರು ಮಾತ್ರ ಕುಳಿತಲ್ಲಿಯೇ ಬೆವರಿದರು. ಅವರು ನಿವೃತ್ತಿಯ ಹಣವನ್ನು ಹೆಚ್ಚು ಬಡ್ಡಿಯ ಆಸೆಗೆ ಒಂದು ಸಹಕಾರಿ ಬ್ಯಾಂಕಿನಲ್ಲಿಟ್ಟು, ಅದು ಬಾಗಿಲು ಅರೆಮುಚ್ಚಿದಾಗ ದಿನಗಟ್ಟಲೆ ಸರದಿಯಲ್ಲಿ ನಿಂತವರು. ನಮ್ಮ ದೇಶದಲ್ಲಿ ಠೇವಣಿಯ ವಿಮೆ 1993ರಿಂದ ಒಂದು ಲಕ್ಷ ರೂಪಾಯಿಯಲ್ಲಿಯೇ ನಿಂತಿದ್ದು, 2020ರ ಫೆಬ್ರವರಿಯಲ್ಲಷ್ಟೇ ಐದು ಲಕ್ಷಕ್ಕೇರಿತೆಂಬುದನ್ನು ಅವರು ದಿನಾಂಕಸಹಿತ ಹೇಳಿದರು. “ಬುದ್ಧಿ, ಇದರಲ್ಲಿ ಮುಂದಿನ ಕಾಲ ಎಲ್ಲಿದೆ? ಇದು ನನ್ನ ಹಿಂದಿನ ಕಾಲ” ಎಂದರು. ಅಣ್ವಸ್ತ್ರ, ರೋಗ, ಪ್ರಧಾನಿ ಯಾವುದೂ ಅವರ ನೆನಪಿನಲ್ಲುಳಿದಿಲ್ಲ. ಮುಚ್ಚಿದ ಬ್ಯಾಂಕಿನ ಮುಂದೆ ಗಾಬರಿಯಿಂದ ಸೇರಿದ ಜನರೊಂದೇ ಉಳಿದಿದೆ.

ನಾಲ್ಕನೆಯ ಸಂಜೆ ಪಡಸಾಲೆ ಸ್ತಬ್ಧವಾಯಿತು. ಎರಡನೆಯ ಮೊಮ್ಮಗ ಡ್ಯಾನಿಯಲ್ ತನ್ನ ಒಲವಿನ ಜೊತೆಗಾರನಾದ ಉಕ್ರೇನಿನ ನಿರಾಶ್ರಿತ ವಿಕ್ಟರನನ್ನು ಇಂಗ್ಲೆಂಡಿಗೆ ಕರೆತರಲು ಹೊರಟು, ಕಿಕ್ಕಿರಿದ ಸಣ್ಣ ದೋಣಿಯಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟುವಾಗ ಮುಳುಗಿ ಸಾಯುತ್ತಾನೆ. ಇಬ್ಬರು ಗಂಡಸರ ನಡುವಣ ಆ ಸಂಬಂಧವನ್ನು ಕಂಡು ಮೊದಲಿನ ಕಂತುಗಳಲ್ಲಿ ಕೆಲವರು ಮುಜುಗರದಿಂದ ಕೆಮ್ಮಿದ್ದರು. ಅಂದು ಯಾರೂ ಕೆಮ್ಮಲಿಲ್ಲ. “ಅವರಮ್ಮ ಇಲ್ಲವೇನಪ್ಪ? ಯಾರು ಅಳಬೇಕು ಆ ಕೂಸಿಗೆ?” ಎಂದು ತಾಯಿಯೊಬ್ಬರು ಕೇಳಿದರು. 2021ರ ನವೆಂಬರ್ 24ರಂದು ಅದೇ ನೀರಿನಲ್ಲಿ ಅಂಥದೇ ದೋಣಿ ಮುಳುಗಿ ಕನಿಷ್ಠ 27 ಮಂದಿ ಸತ್ತರೆಂದು ತಂದವರು ತಿಳಿಸಿದಾಗ ಹುಡುಗರು ಕೂಡ ಬೆರಳೆಣಿಸಲಿಲ್ಲ. ನಮಗಾದರೋ ನೆನಪಾದದ್ದು ಹಾವೇರಿ ಜಿಲ್ಲೆ. ವೈದ್ಯಕೀಯ ಓದಲು ಹೋದ ಅಲ್ಲಿನ ವಿದ್ಯಾರ್ಥಿಯೊಬ್ಬ 2022ರ ಮಾರ್ಚ್ 1ರಂದು ಖಾರ್ಕೀವ್ ನಗರದಲ್ಲಿ ದಾಳಿಗೆ ಸಿಕ್ಕಿ ತೀರಿಕೊಂಡ. ಉಕ್ರೇನಿನ ಯುದ್ಧ ನಮ್ಮ ನಾಡಿಗೆ ಬಂದದ್ದು ಸುದ್ದಿಯಾಗಿಯಲ್ಲ, ಒಂದು ಮನೆಯ ಸೂತಕವಾಗಿ.

ಈಗ ಆ ತಾಯಂದಿರ ಮಾತಿಗೆ ಬರೋಣ. ಈ ಲೇಖನಕ್ಕೆ ಕಾರಣವಾದದ್ದೇ ಅದು. ಹಣ ಕಳೆದುಕೊಂಡ ಸ್ಟೀಫನ್ ಹೆಂಡತಿ ಮಕ್ಕಳೊಡನೆ ಅಜ್ಜಿ ಮ್ಯೂರಿಯಲ್ಲಳ ಹಳೆಯ ದೊಡ್ಡ ಮನೆಗೆ ಬಂದು ಸೇರುತ್ತಾನೆ. ಸೆಲೆಸ್ಟಳಿಗೂ ಅಜ್ಜಿಗೂ ಮೊದಮೊದಲು ಎಣ್ಣೆ ಸೀಗೆಕಾಯಿ. ಮುಂದೆ ಸ್ಟೀಫನ್ ದಾರಿ ತಪ್ಪಿದಾಗ ಅವನು ಮನೆ ಬಿಡುತ್ತಾನೆ. ಸೆಲೆಸ್ಟ್ ಅಜ್ಜಿಯ ಬಳಿಯೇ ಉಳಿಯುತ್ತಾಳೆ. ಲೇಖಕನು ಇದನ್ನೆಲ್ಲ ಪತನದ ಚಿತ್ರವಾಗಿ ಬರೆದಿರಬೇಕು: ಅನುಕೂಲವಂತರು ಬೀದಿಗೆ ಬಂದರು, ಹಣಕಾಸಿನ ಸಲಹೆಗಾರನಾಗಿದ್ದವನು ಮನೆಮನೆಗೆ ಸಾಮಾನು ಮುಟ್ಟಿಸುವ ಕೆಲಸಕ್ಕಿಳಿದ, ಇತ್ಯಾದಿ. ನಮ್ಮ ತಾಯಂದಿರು ನೋಡಿದ್ದು ಬೇರೆ. “ಕೆಟ್ಟ ಕಾಲ ಬಂದರೂ ಆ ಮುದುಕಿಯ ಮನೆ ತುಂಬಿತಲ್ಲ, ಪುಣ್ಯವಂತೆ” ಎಂದು ಒಬ್ಬರೆಂದರೆ ಉಳಿದವರೆಲ್ಲ ತಲೆಯಾಡಿಸಿದರು.

ಈ ಮಾತಿನ ಹಿಂದೆ ಏನಿದೆಯೆಂದು ಈ ಸೀಮೆಯನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ದೂರವಿರುವ ಪೂರ್ವವಿದ್ಯಾರ್ಥಿಗಳಿಗಾಗಿ ಹೇಳುತ್ತೇವೆ. ಕುಣಿಗಲ್ ತಾಲ್ಲೂಕಿನ ಈ ಹಳ್ಳಿಗಳಿಂದ ಬೆಂಗಳೂರು ದೂರವೇನಲ್ಲ, ಬಸ್ಸಿನಲ್ಲಿ ಎರಡು ಮೂರು ಗಂಟೆಯ ದಾರಿ. ಅದೇ ಕಷ್ಟ. ಹೋದವರು ಹೋದರೆಂದೂ ಅನಿಸುವುದಿಲ್ಲ, ಬಂದರೆಂದೂ ಅನಿಸುವುದಿಲ್ಲ. ಹಬ್ಬಕ್ಕೆ ಬಂದು ಸಂಜೆಗೆ ತಿರುಗುತ್ತಾರೆ. ಕೆಲವು ಬೀದಿಗಳಲ್ಲಿ ತೆರೆದ ಬಾಗಿಲಿಗಿಂತ ಬೀಗ ಬಿದ್ದ ಬಾಗಿಲುಗಳೇ ಹೆಚ್ಚು. ತೆರೆದಿರುವ ಮನೆಗಳಲ್ಲಿ ಒಂದು ಮುದ್ದೆಗೆ ಒಲೆ ಹಚ್ಚುವ ಮುದುಕಿಯರಿದ್ದಾರೆ.

2020ರ ಮಾರ್ಚ್ 25ರಂದು ದೇಶವೇ ಬಾಗಿಲು ಹಾಕಿಕೊಂಡಾಗ, ಅದರ ಹಿಂದುಮುಂದಿನ ದಿನಗಳಲ್ಲಿ ಈ ಮಕ್ಕಳೆಲ್ಲ ಊರು ಸೇರಿದರು. ಬೀಗಗಳು ತೆಗೆದವು. ಅಟ್ಟದ ಮೇಲಿನ ದೊಡ್ಡ ಪಾತ್ರೆಗಳು ಕೆಳಗಿಳಿದವು. ಬೆಂಗಳೂರಿನಲ್ಲಿ ಕೆಲಸ ಕಳೆದುಕೊಂಡವರು ಜಗಲಿಯ ಮೇಲೆ ಕುಳಿತು, ಮನೆಯ ಬಾಡಿಗೆ, ಗಾಡಿಯ ಕಂತು ಎಂದು ಚಿಂತಿಸುತ್ತಿದ್ದರೆ ಒಳಗೆ ಅವರ ತಾಯಂದಿರು ಹತ್ತು ಜನಕ್ಕೆ ಮುದ್ದೆ ಕಟ್ಟುತ್ತಿದ್ದರು. ಅಂಥವರಲ್ಲೊಬ್ಬರು ಆಗಲೇ ನಮ್ಮೊಡನೆ ಹೇಳಿದ್ದುಂಟು: “ಮಗನ ಕೆಲಸ ಹೋಯಿತು ಅಂತ ಅಳಬೇಕು ಬುದ್ಧಿ. ಒಲೆ ಮುಂದೆ ಕುಂತರೆ ನಗು ಬರುತ್ತದೆ. ಇದಕ್ಕೇನು ಪ್ರಾಯಶ್ಚಿತ್ತ?” ಸಂಸ್ಕೃತ ಪಾಠಶಾಲೆಯಲ್ಲಿಯೂ ವಿಶ್ವವಿದ್ಯಾಲಯದಲ್ಲಿಯೂ ನಾವು ಓದಿದ ಯಾವ ಗ್ರಂಥದಲ್ಲಿಯೂ ಆ ಪ್ರಾಯಶ್ಚಿತ್ತವಿರಲಿಲ್ಲ. ಕೆಲವು ತಿಂಗಳಲ್ಲಿ ಎಲ್ಲರೂ ಮರಳಿದರು, ಪಾತ್ರೆಗಳು ಅಟ್ಟ ಏರಿದವು. ಮ್ಯಾಂಚೆಸ್ಟರಿನವರಿಗೆ ಮುಂದೆ ಬರಬಹುದಾದ ಭಯದ ಕಾಲವು ನಮ್ಮ ಈ ತಾಯಂದಿರಿಗೆ ಎಂದೋ ಬಂದು ಮನೆಯಲ್ಲಿ ಕುಳಿತಿದೆ. ಮಹಾಮಾರಿಯೇ ಅದರ ನಡುವಣ ಬಿಡುವು.

ಲೇಖಕನು ಇಟ್ಟದ್ದೊಂದು, ನೋಡುಗರು ಎತ್ತಿಕೊಂಡದ್ದೊಂದು ಎಂಬುದಕ್ಕೆ ನಮ್ಮ ದೇಶದಲ್ಲಿಯೇ ಹಳೆಯ ನಿದರ್ಶನವಿದೆ. 1984ರ ಜುಲೈಯಲ್ಲಿ ದೂರದರ್ಶನದಲ್ಲಿ ‘ಹಮ್ ಲೋಗ್’ ಆರಂಭವಾಗಿ 156 ಕಂತು ನಡೆಯಿತು. ನಮ್ಮ ವಯಸ್ಸಿನವರಿಗೆ ಪ್ರತಿ ಕಂತಿನ ಕೊನೆಗೆ ಬಂದು ಬುದ್ಧಿ ಹೇಳುತ್ತಿದ್ದ ಅಶೋಕ್ ಕುಮಾರರ ಮುಖ ಮರೆತಿರಲಾರದು. ಅದರಲ್ಲಿ ಭಾಗವಂತಿ ಎಂಬ ತಾಯಿಯ ಪಾತ್ರವನ್ನು, ಎಲ್ಲವನ್ನೂ ಸಹಿಸುವ ಹೆಣ್ಣಿನ ಪಾಡು ಹೀಗಾಗುತ್ತದೆ, ಹೀಗಿರಬೇಡಿ ಎಂದು ತೋರಿಸಲು ನಿರ್ಮಿಸಿದ್ದರು. ಆದರೆ ಆ ಧಾರಾವಾಹಿಯ ನೋಡುಗರನ್ನು ಅಭ್ಯಸಿಸಿದ ವಿದ್ವಾಂಸರು ಕಂಡದ್ದೇನೆಂದರೆ, ಅನೇಕ ಹೆಂಗಸರು ಭಾಗವಂತಿಯನ್ನೇ ಮಾದರಿಯೆಂದು ಮೆಚ್ಚಿದ್ದರು! ಅವರಿಗೆ ತಿಳಿವಳಿಕೆ ಸಾಲದೆಂದು ನಗುವುದು ಸುಲಭ. ತಮ್ಮ ಬಾಳನ್ನು ಒಂದು ಎಚ್ಚರಿಕೆಯ ಫಲಕವೆಂದು ಒಪ್ಪಿಕೊಳ್ಳಲು ಯಾರಿಗೆ ತಾನೆ ಮನಸ್ಸು ಬರುತ್ತದೆ?

ಕೊನೆಯ ಕಂತಿನಲ್ಲಿ ಅಜ್ಜಿ ಮ್ಯೂರಿಯಲ್ ಊಟದ ಮೇಜಿನ ಮುಂದೆ ಕುಳಿತು ಮೊಮ್ಮಕ್ಕಳಿಗೆಲ್ಲ ಛೀಮಾರಿ ಹಾಕುತ್ತಾಳೆ. ಸರ್ಕಾರ, ಬ್ಯಾಂಕು ಎಂದು ಯಾರನ್ನೂ ದೂರಬೇಡಿ. ಒಂದು ಪೌಂಡಿಗೆ ಅಂಗಿ ಸಿಕ್ಕಿತೆಂದು ಹಿಗ್ಗಿ ಕೊಂಡವರು ನಾವು, ಅಂಗಡಿಯಲ್ಲಿ ಹಣ ಎಣಿಸುವ ಹೆಂಗಸಿನ ಜಾಗಕ್ಕೆ ಯಂತ್ರ ಬಂದಾಗ ಸುಮ್ಮನಿದ್ದವರು ನಾವು ಎಂಬುದು ಅವಳ ಮಾತಿನ ಸಾರ. ಇಂಗ್ಲೆಂಡಿನ ನೋಡುಗರು ಇಡೀ ಧಾರಾವಾಹಿಯಲ್ಲಿ ಬಹಳವಾಗಿ ಮೆಚ್ಚಿ ಹಂಚಿಕೊಂಡದ್ದು ಈ ಭಾಗವನ್ನೇ. ನಮಗೂ ಅದು ಹಿಡಿಸಿತು. ಹಿಡಿಸಿದ್ದರಿಂದಲೇ ಸಂಶಯವೂ ಬಂದಿತು. ಬೈಗಳನ್ನು ಇಷ್ಟೊಂದು ಮಂದಿ ಇಷ್ಟೊಂದು ಸಂತೋಷದಿಂದ ಕೇಳುತ್ತಾರೆಂದರೆ ಅದು ಪಕ್ಕದವನಿಗೆ ಬಿದ್ದಿದೆಯೆಂದು ಪ್ರತಿಯೊಬ್ಬನೂ ಎಣಿಸಿರಬೇಕು. ಪ್ರವಚನ ಮಾಡುವ ನಮ್ಮಂಥವರಿಗೆ ಈ ಅನುಭವ ಹೊಸದಲ್ಲ.

ತಂದವರು ಮಾತ್ರ ಆ ರಾತ್ರಿ ಬಹಳ ಹೊತ್ತು ಮಾತಾಡಲಿಲ್ಲ. ಅವರ ತಾಯಿ ಇದೇ ಊರಿನಲ್ಲಿ ಒಬ್ಬರೇ ಇದ್ದಾರೆ. ಗೋಡೆಗೊರಗಿ ಕುಳಿತವರಲ್ಲಿ ಅವರೂ ಒಬ್ಬರು. ಮಗ ಇಂಗ್ಲೆಂಡಿನಿಂದ ಪ್ರತಿ ಭಾನುವಾರ ದೂರವಾಣಿಯಲ್ಲಿ ಮುಖ ತೋರಿಸುತ್ತಾರೆ, ಔಷಧಿ ತಪ್ಪದಂತೆ ಕಳುಹಿಸುತ್ತಾರೆ, ಮಠಕ್ಕೂ ಕೈಲಾದದ್ದನ್ನು ಅರ್ಪಿಸುತ್ತಾರೆ. ಅವರಲ್ಲಿ ಕೊರತೆ ಹುಡುಕುವ ಅಧಿಕಾರ ನಮಗಿಲ್ಲ. ಓದಿಸಿ ದೂರ ಕಳಿಸಿದವರಲ್ಲಿ ಶ್ರೀಮಠವೂ ಒಂದು. ಮಕ್ಕಳು ಓದಿ ದೊಡ್ಡವರಾಗಲೆಂದು ಹರಸಿದ ಕೈಯಿಂದ, ಏಕೆ ಹೋದಿರಿ ಎಂದು ಬೆರಳು ತೋರಿಸಲು ಬರುವುದಿಲ್ಲ. ಆದರೆ ಈ ಪತ್ರಿಕೆಯ ಓದುಗರಲ್ಲಿ ಅವರಂಥವರು ಬಹಳ ಮಂದಿ ಇದ್ದೀರಿ. ತಮ್ಮ ತಾಯಂದಿರು ದೂರವಾಣಿಯಲ್ಲಿ ಹೇಳದ ಮಾತೊಂದು ಬಿಳಿಯ ಪಂಚೆಯ ಮುಂದೆ ಹೊರಬಿತ್ತು. ಅದನ್ನು ತಮಗೆ ಮುಟ್ಟಿಸದಿದ್ದರೆ ನಮಗೆ ನಿದ್ದೆ ಹತ್ತುವುದಿಲ್ಲ.

ಆರನೆಯ ಸಂಜೆ ಮುಗಿದು ಹುಡುಗರು ಎದ್ದುಹೋದ ಮೇಲೆಯೂ ತಾಯಂದಿರು ಕುಳಿತೇ ಇದ್ದರು. ಇನ್ನೊಂದು ಸಲ ಹಾಕಲು ಸಾಧ್ಯವೇ ಎಂದು ಕೇಳಿದರು. ಯಾವ ಭಾಗವೆಂದು ತಂದವರು ವಿಚಾರಿಸಿದಾಗ ಉತ್ತರ ಹೇಳಿದ್ದು ಅವರ ತಾಯಿಯೇ. “ಯುದ್ಧ ಗಿದ್ಧ ಬೇಡಪ್ಪ. ಎಲ್ಲರೂ ಸೇರಿ ಅಜ್ಜಿ ಮನೇಲಿ ಊಟ ಮಾಡ್ತಾರಲ್ಲ, ಅಷ್ಟು ಹಾಕು. ಮಾತು ಕೇಳದಿದ್ದರೂ ಪರವಾಗಿಲ್ಲ.” ಅವರು ದನಿ ತಗ್ಗಿಸಿ, ಅದನ್ನು ಎರಡು ಸಲ ಹಾಕಿದರು.